ರೇಸ್‌ನಲ್ಲಿ ಮಾರ್ಷಲ್ ಆಗಬೇಕು, ನಮ್ಮ ಕಾಸರಗೋಡಿನಿಂದ ಹೋದವರು ಯಾರಾದರೂ ಇದ್ದೀರಾ?

ಬದಿಯಡ್ಕ ಡೀಸೆಲ್:

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರದವನು. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಈಗ ಕುಂಬಳೆಯ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸಕ್ಕಿದ್ದೇನೆ. ಫಾರ್ಮುಲಾ ಒನ್‌ನ ಒಂದು ರೇಸನ್ನೂ ಬಿಡುವುದಿಲ್ಲ. ನಮ್ಮ ದೇಶದ ರ‍್ಯಾಲಿಗಳ ವಿಡಿಯೊ ಸಿಕ್ಕಿದರೆ ಅದನ್ನೂ ನೋಡುತ್ತೇನೆ. ನಮ್ಮ ಕಾಸರಗೋಡಿನವರೇ ಆದ ಮೂಸಾ ಶರೀಫ್ ರ‍್ಯಾಲಿಯಲ್ಲಿ ಕೋ-ಡ್ರೈವರ್ (ಚಾಲಕನ ಪಕ್ಕ ಕೂತು ದಾರಿ ಹೇಳುವವರು) ಆಗಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು ನಿಮಗೆಲ್ಲ ಗೊತ್ತೇ ಇದೆ. ಅವರ ಸುದ್ದಿ ಓದಿ ಓದಿಯೇ ನನಗೆ ಈ ಹುಚ್ಚು ಹಿಡಿದದ್ದು.

ಕಾರು ಓಡಿಸುವಷ್ಟು ದುಡ್ಡು ನಮ್ಮ ಮನೆಯಲ್ಲಿ ಇಲ್ಲ, ನನಗೆ ಆ ಆಸೆಯೂ ಇಲ್ಲ. ನನಗೆ ಬೇಕಾದದ್ದು ಒಳಗಿನ ಕೆಲಸ. ಒಂದು ಕಾರು ಗೋಡೆಗೆ ಬಡಿದು ನಿಂತ ಕೂಡಲೇ ಬೇಲಿಯ ಹಿಂದಿನಿಂದ ಕಿತ್ತಳೆ ಬಟ್ಟೆಯವರು ನಾಲ್ಕೈದು ಜನ ಹಾರಿ ಬರುತ್ತಾರಲ್ಲ, ಕಾರನ್ನು ತಳ್ಳಿ, ರಸ್ತೆಯಲ್ಲಿ ಬಿದ್ದ ಚೂರುಗಳನ್ನೆಲ್ಲ ಹೆಕ್ಕಿ, ನೋಡುನೋಡುತ್ತಿದ್ದಂತೆ ವಾಪಸ್ ಹೋಗುತ್ತಾರಲ್ಲ, ಅವರು ಯಾರು? ಸಂಬಳಕ್ಕೆ ಇರುವವರಾ? ಅವರ ಹಾಗೆ ಆಗಬೇಕಾದರೆ ಯಾರನ್ನು ಕೇಳಬೇಕು? ಮೆಕ್ಯಾನಿಕ್ ಆದದ್ದರಿಂದ ಏನಾದರೂ ಉಪಯೋಗ ಇದೆಯಾ, ಅಥವಾ ಬಾವುಟ ಹಿಡಿದು ನಿಲ್ಲುವುದಷ್ಟೇ ಕೆಲಸವಾ?

ಅಮ್ಮನಿಗೆ ಹೇಳಿದರೆ "ರೇಸಿನ ಜಾಗದಲ್ಲಿ ನಿನಗೆಂತ ಕೆಲಸ, ಕಾರು ಬಂದು ಗುದ್ದಿದರೆ?" ಅಂತ ಕೇಳಿದರು. ಅವರಿಗೂ ಸರಿಯಾದ ಉತ್ತರ ಕೊಡಬೇಕು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತನಾಡಲು ಅಷ್ಟಕ್ಕಷ್ಟೆ. ಕನ್ನಡ, ತುಳು, ಮಲಯಾಳ ಸಲೀಸು. ತಮಿಳು ಸ್ವಲ್ಪ. ಇಷ್ಟರಲ್ಲಿ ನಡೆಯುತ್ತದಾ? ಹೋದವರು ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಮುಳ್ಳೇರಿಯ ಘಾಟಿ:

ತಮ್ಮಾ, ಮೊದಲು ಎರಡು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಆ ಕಿತ್ತಳೆ ಬಟ್ಟೆಯವರು ಮಾರ್ಷಲ್‌ಗಳು. ಹೆಚ್ಚಿನ ದೇಶಗಳಲ್ಲಿ ಅವರು ಸ್ವಯಂಸೇವಕರು, ಸಂಬಳದವರಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ಎಲೆಕ್ಟ್ರಿಷಿಯನ್‌ಗಳು, ಕಾಲೇಜು ಮಕ್ಕಳು, ಎಲ್ಲ ತರಹದವರೂ ಇರುತ್ತಾರೆ. ಎರಡನೆಯದು, ಫಾರ್ಮುಲಾ ಒನ್ನನ್ನು ಸದ್ಯಕ್ಕೆ ಬದಿಗಿಡು. ನಮ್ಮ ದೇಶದಲ್ಲಿ ಅದು ನಡೆದದ್ದು 2011, 2012, 2013, ಈ ಮೂರೇ ವರ್ಷ, ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ. ಆಮೇಲೆ ಬರಲಿಲ್ಲ. ನಿನಗೆ ಹತ್ತಿರವಾಗುವುದು ರ‍್ಯಾಲಿ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುತ್ತದಲ್ಲ, ಅದು. ಮಂಗಳೂರಿಗೆ ಹೋಗಿ ಚಾರ್ಮಾಡಿ ಹತ್ತಿದರೆ ಕೊಟ್ಟಿಗೆಹಾರ, ಮೂಡಿಗೆರೆ, ಚಿಕ್ಕಮಗಳೂರು. ನಾನು ಕೆಲವು ವರ್ಷಗಳಿಂದ ಸ್ಟೇಜ್ ಮಾರ್ಷಲ್ ಆಗಿ ಹೋಗುತ್ತಿದ್ದೇನೆ.

ರ‍್ಯಾಲಿಗೆ ಸರ್ಕ್ಯೂಟ್ ಇರುವುದಿಲ್ಲ. ಊರವರು ದಿನಾ ಓಡಾಡುವ ತೋಟದ ಮಣ್ಣುರಸ್ತೆಯನ್ನೇ ಕೆಲವು ಗಂಟೆ ಮುಚ್ಚಿ, ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ. ಹಾಗೆ ಮುಚ್ಚಿದ ರಸ್ತೆಗೆ ಸ್ಟೇಜ್ ಅನ್ನುತ್ತಾರೆ. ಅದು ಶುರುವಾಗುವ ಜಾಗದಲ್ಲಿ ಟೈಮ್ ಕಂಟ್ರೋಲ್‌ನ ಮೇಜು ಇರುತ್ತದೆ. ಕಾರು ಬೋರ್ಡಿನ ಹತ್ತಿರ ಬಂದು ನಿಲ್ಲುತ್ತದೆ, ಕೋ-ಡ್ರೈವರ್ ಗಡಿಯಾರ ನೋಡುತ್ತಾ ಕಾಯುತ್ತಾನೆ, ತನ್ನ ನಿಮಿಷ ಬಂದ ಕೂಡಲೇ ಟೈಮ್ ಕಾರ್ಡ್ ಚಾಚುತ್ತಾನೆ. ನಾವು ಅದರಲ್ಲಿ ಸಮಯ ಬರೆದು ಸಹಿ ಹಾಕಬೇಕು. ಇಷ್ಟೇನಾ ಅನ್ನಿಸಬಹುದು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಒಂದು ನಿಮಿಷ ತಡವಾಗಿ ಬಂದರೆ 10 ಸೆಕೆಂಡ್ ಪೆನಾಲ್ಟಿ, ಒಂದು ನಿಮಿಷ ಮೊದಲೇ ಬಂದರೆ ಪೂರ್ತಿ 1 ನಿಮಿಷ. ಗೆಲುವು ಸೋಲು ಎಷ್ಟೋ ಸಲ ನಾಲ್ಕೈದು ಸೆಕೆಂಡಿನಲ್ಲಿ ತೀರ್ಮಾನವಾಗುವ ಆಟ ಇದು. ನೀನು ಬರೆಯುವ ಒಂದು ಅಂಕಿ ತಪ್ಪಿದರೆ ಒಂದು ತಂಡದ ಇಡೀ ವರ್ಷದ ದುಡಿಮೆ ನೀರಲ್ಲಿ ಹೋಯಿತು. ಅದಕ್ಕೇ ಆ ಮೇಜಿನಲ್ಲಿ ಕೂರುವವನ ಹತ್ತಿರ ಎರಡು ಬಾಲ್ ಪೆನ್, ಒಂದು ಒಣಬಟ್ಟೆ ಇರಲೇಬೇಕು. ಮಂಜು ಬಿದ್ದ ಬೆಳಿಗ್ಗೆ ಒದ್ದೆ ಕೈಯಲ್ಲಿ ಕಾರ್ಡ್ ಹಿಡಿದರೆ ಅಂಕಿ ಕಲೆಸಿಹೋಗುತ್ತದೆ.

ಹೊಸಬರನ್ನು ಮೊದಲು ಆ ಮೇಜಿಗೆ ಕೂರಿಸುವುದಿಲ್ಲ. ತೋಟದೊಳಗೆ ಒಂದು ಅಡ್ಡದಾರಿಯ ಬಾಯಲ್ಲಿ ನಿಲ್ಲಿಸುತ್ತಾರೆ. ಕಾರುಗಳು ಬರುವುದಕ್ಕೆ ಎಷ್ಟೋ ಹೊತ್ತು ಮೊದಲೇ ಅಲ್ಲಿರಬೇಕು. ರಸ್ತೆ ಮುಚ್ಚಿದ ಮೇಲೆ ರ‍್ಯಾಲಿಯವರದ್ದೇ 00, 0 ಅಂತ ನಂಬರ್ ಹಾಕಿದ ಕಾರುಗಳು ಮೊದಲು ಹೋಗಿ ದಾರಿ ಸರಿಯಿದೆಯಾ ನೋಡುತ್ತವೆ. ಕೊನೆಯಲ್ಲಿ ಸ್ವೀಪರ್ ಕಾರು ಬಂದು ಹೋಗುವವರೆಗೆ ಆ ದಾರಿಗೆ ಒಂದು ನಾಯಿಯನ್ನೂ ಬಿಡಬಾರದು. ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಒಂದು ಸಲ ಹಾಲಿನ ಕ್ಯಾನ್ ಹಿಡಿದ ಅಜ್ಜ ಒಬ್ಬರು ಬಂದರು. ಡೈರಿ ಮುಚ್ಚುತ್ತದೆ, ಈಗಲೇ ದಾಟಬೇಕು ಅಂದರು. ಅಲ್ಲಿಂದ ಡೈರಿ ಕಾಣುತ್ತಿತ್ತು, ರಸ್ತೆಯ ಆಚೆ ಬದಿ. ಎರಡು ಕಾರುಗಳ ನಡುವೆ ಎರಡು ನಿಮಿಷ ಬಿಡುವು ಇದೆ, ದಾಟಿಸಬಹುದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ದಾಟಿಸಬಾರದು. ಹಿಂದೆ ಬರುವ ಕಾರು ಮುಂದೆ ಹೋದದ್ದರ ಹತ್ತಿರ ಹತ್ತಿರ ಬಂದಿರಬಹುದು, ನಿನಗೆ ಗೊತ್ತಾಗುವುದಿಲ್ಲ. ನಾನು ಅಜ್ಜನನ್ನು ಕಲ್ಲಿನ ಮೇಲೆ ಕೂರಿಸಿ, ಪಕ್ಕದ ತೋಟದ ಹುಡುಗನಿಂದ ಡೈರಿಗೆ ಫೋನ್ ಮಾಡಿಸಿದೆ. ಅವರು ಕಾದರು. ಕನ್ನಡದಲ್ಲಿ, ಸಮಾಧಾನವಾಗಿ, ಅಜ್ಜ ಅಂತ ಕರೆದು ಹೇಳಿದರೆ ಜನ ಕೇಳುತ್ತಾರೆ. ನಗರದಿಂದ ಬಂದವರು ಸೀಟಿ ಊದಿ ಕೂಗಿದರೆ ಜಗಳವೇ ಆಗುತ್ತದೆ. ಹಾಗಾಗಿ ನಿನಗೆ ಬರುವ ಮೂರು ಭಾಷೆ ಧಾರಾಳ ಸಾಕು.

2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡ್ಮೇರ್ ಹತ್ತಿರ ರಾಷ್ಟ್ರೀಯ ರ‍್ಯಾಲಿಯಲ್ಲಿ ಏನಾಯಿತು ಅಂತ ಓದಿ ನೋಡು. ಮುಚ್ಚಿದ ಸ್ಟೇಜ್‌ಗೆ ಒಂದು ಬೈಕ್ ಬಂತು. ಒಂದೇ ಮನೆಯ ಮೂವರು ಸತ್ತರು. ಅಡ್ಡದಾರಿಯಲ್ಲಿ ನಿಲ್ಲುವುದು ಸುಮ್ನೆ ಹೊತ್ತು ಕಳೆಯುವ ಕೆಲಸ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನೊಂದು. ಪ್ರತಿ ರ‍್ಯಾಲಿ ಕಾರಿನಲ್ಲೂ ಒಂದು ಹಾಳೆ ಇರುತ್ತದೆ, ಒಂದು ಬದಿಯಲ್ಲಿ ಕೆಂಪು ಎಸ್‌ಒಎಸ್, ಇನ್ನೊಂದು ಬದಿಯಲ್ಲಿ ಹಸಿರು ಓಕೆ. ಕಾರು ಮಗುಚಿದರೆ ಒಳಗಿದ್ದವರು ಹೊರಗೆ ಬಂದು ಹಿಂದಿನ ಕಾರಿಗೆ ಅದರಲ್ಲಿ ಒಂದನ್ನು ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ಪೆಟ್ಟಾಗಿದೆ ಅಂತಲೇ ಲೆಕ್ಕ. ತೋಟಗಳಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ವಯರ್‌ಲೆಸ್ ಬೇಕು. ಎಷ್ಟೋ ರ‍್ಯಾಲಿಗಳಲ್ಲಿ ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕೆ ವಯರ್‌ಲೆಸ್ ನಡೆಸುವವರು, ಬಂದು ಕೂರುತ್ತಾರೆ. ಎಷ್ಟನೇ ನಂಬರ್ ಕಾರು ಎಷ್ಟು ಹೊತ್ತಿಗೆ ಯಾವ ಪಾಯಿಂಟ್ ದಾಟಿತು ಅಂತ ಒಂದೊಂದನ್ನೂ ಹೇಳುತ್ತಾ ಹೋಗಬೇಕು. ಒಂದು ಪಾಯಿಂಟ್ ದಾಟಿದ ಕಾರು ಮುಂದಿನ ಪಾಯಿಂಟಿಗೆ ಬರಲಿಲ್ಲ ಅಂದರೆ ನಡುವೆ ಎಲ್ಲೋ ಬಿದ್ದಿದೆ. ಅಷ್ಟರಲ್ಲಿ ಹುಡುಕಾಟ ಶುರು.

ಬದಿಯಡ್ಕ ಡೀಸೆಲ್:

ಘಾಟಿ ಅಣ್ಣ, ತುಂಬಾ ಥ್ಯಾಂಕ್ಸ್. ಹಾಲಿನ ಅಜ್ಜನ ವಿಷಯ ಅಮ್ಮನಿಗೂ ಓದಿ ಹೇಳಿದೆ. ಸರ್ಕ್ಯೂಟ್‌ನಲ್ಲಿ ನಿಂತವರು ಯಾರಾದರೂ ಇದ್ದಾರಾ? ಅಲ್ಲಿ ಕಾರುಗಳು ಒಟ್ಟೊಟ್ಟಿಗೆ ಬರುತ್ತವಲ್ಲ, ಹೆದರಿಕೆ ಆಗುವುದಿಲ್ವಾ?

ಉಪ್ಪಳದಿಂದ ಮನಾಮ:

ನಾನು ಉಪ್ಪಳದವನು. ಬಹ್ರೇನ್‌ನಲ್ಲಿ ಎಸಿ ಟೆಕ್ನಿಷಿಯನ್. ಇಲ್ಲಿ ಸಾಖೀರ್‌ನಲ್ಲಿ ಇರುವ ಸರ್ಕ್ಯೂಟ್‌ನಲ್ಲಿ 2004ರಿಂದ ಎಫ್ ಒನ್ ನಡೆಯುತ್ತಿದೆ, ಒಂದು ಸುತ್ತಿಗೆ 5.412 ಕಿಲೋಮೀಟರ್. ಮಾರ್ಷಲ್‌ಗಳಲ್ಲಿ ನಮ್ಮ ದೇಶದಿಂದ ಕೆಲಸಕ್ಕೆ ಬಂದವರು ತುಂಬಾ ಜನ ಇದ್ದಾರೆ. ಗಲ್ಫಿನಲ್ಲಿ ನಿಮ್ಮ ನೆಂಟರು ಯಾರಾದರೂ ಇದ್ದರೆ ಅವರಿಗೂ ಈ ವಿಷಯ ಹೇಳಿ. ಅಬುಧಾಬಿ, ಕತಾರ್, ಜಿದ್ದಾ ಎಲ್ಲ ಕಡೆಯೂ ಈಗ ರೇಸ್ ಇದೆ.

ಹೆದರಿಕೆಯ ಬಗ್ಗೆ ಕೇಳಿದಿರಿ. ಶಬ್ದಕ್ಕೆ ಮೊದಲು ಮೈ ಜುಂ ಅನ್ನುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಅಭ್ಯಾಸವಾದ ಮೇಲೆಯೇ ಜಾಸ್ತಿ ಜಾಗ್ರತೆ ಬೇಕು. ಟ್ರ್ಯಾಕ್ ಬದಿಯಲ್ಲಿ ಮಾರ್ಷಲ್‌ಗಳು ನಿಲ್ಲುವ ಜಾಗಕ್ಕೆ ಪೋಸ್ಟ್ ಅನ್ನುತ್ತಾರೆ. ನಮ್ಮ ಪೋಸ್ಟ್‌ನಲ್ಲಿ ಒಬ್ಬರು ಪೋಸ್ಟ್ ಚೀಫ್. ಅವರ ಮಾತೇ ಕೊನೆ. ಇಡೀ ರೇಸ್ ನಡೆಸುವ ರೇಸ್ ಕಂಟ್ರೋಲ್ ಕೋಣೆಯ ಜೊತೆ ರೇಡಿಯೊದಲ್ಲಿ ಮಾತನಾಡುವುದು ಅವರು ಅಥವಾ ಅವರು ಹೇಳಿದವರು. ಬಾವುಟಕ್ಕೆ ಇಬ್ಬರು, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಒಬ್ಬರು ಕಾರುಗಳು ಬರುವ ದಿಕ್ಕಿಗೆ ನೋಡುತ್ತಾರೆ, ನೀಲಿ ಬಾವುಟ ಅವರ ಕೈಯಲ್ಲಿ. ಹಿಂದಿನಿಂದ ಜೋರಾಗಿ ಬರುವವನಿಗೆ ದಾರಿ ಬಿಡು ಅಂತ ಅದರ ಅರ್ಥ. ಇನ್ನೊಬ್ಬರು ಕಾರುಗಳು ಹೋಗುವ ದಿಕ್ಕಿಗೆ ನೋಡುತ್ತಾರೆ, ಹಳದಿ ಅವರದ್ದು. ಮುಂದೆ ಅಪಾಯ ಕಂಡರೆ ಒಂದು ಹಳದಿ. ಟ್ರ್ಯಾಕ್ ಅರ್ಧಂಬರ್ಧ ಅಥವಾ ಪೂರ್ತಿ ಮುಚ್ಚಿದ್ದರೆ, ಅಥವಾ ಮಾರ್ಷಲ್‌ಗಳು ಕೆಲಸ ಮಾಡುತ್ತಿದ್ದರೆ ಎರಡು ಹಳದಿ. ಎಣ್ಣೆ ಚೆಲ್ಲಿದ್ದರೆ ಕೆಂಪು ಪಟ್ಟೆಯ ಹಳದಿ. ಒಂದು ಪೋಸ್ಟ್‌ಗೂ ಇನ್ನೊಂದಕ್ಕೂ ನಡುವೆ 500 ಮೀಟರ್‌ಗಿಂತ ಜಾಸ್ತಿ ದೂರ ಇರಬಾರದು ಅಂತ ನಿಯಮ ಇದೆ.

ನೀವು ಟಿವಿಯಲ್ಲಿ ನೋಡುವ ಆ ಹಾರಿ ಬರುವುದು ಇಡೀ ದಿನದಲ್ಲಿ ಒಂದೆರಡು ನಿಮಿಷ, ಎಷ್ಟೋ ಸಲ ಅದೂ ಇಲ್ಲ. ಉಳಿದ ಹೊತ್ತೆಲ್ಲ ನೋಡುತ್ತಾ ನಿಲ್ಲುವುದು. ಬಿಸಿಲಿನಲ್ಲಿ, ಮರಳುಗಾಳಿಯಲ್ಲಿ, ಕಣ್ಣು ಟ್ರ್ಯಾಕ್‌ನಿಂದ ಕೀಳದೆ. 2014ರಿಂದ ಇಲ್ಲಿ ರೇಸ್ ದೀಪದ ಬೆಳಕಿನಲ್ಲಿ ನಡೆಯುತ್ತದೆ, ಆದರೆ ನಾವು ಮಧ್ಯಾಹ್ನಕ್ಕೆ ಮೊದಲೇ ಪೋಸ್ಟ್‌ನಲ್ಲಿರಬೇಕು. ಒಂದು ಘಟನೆ ಆದರೆ ವರದಿ ಬರೆಯಬೇಕು. ಎಷ್ಟು ಗಂಟೆ, ಯಾವ ನಂಬರ್ ಕಾರು, ಯಾವ ತಿರುವು, ನೀವು ಕಣ್ಣಾರೆ ಕಂಡದ್ದೇನು. ಕಂಡದ್ದು ಮಾತ್ರ. ಯಾರದ್ದು ತಪ್ಪು ಅಂತ ನಾವು ಬರೆಯುವ ಹಾಗಿಲ್ಲ, ಅದನ್ನು ಸ್ಟುವರ್ಡ್‌ಗಳು, ಅಂದರೆ ರೇಸ್‌ನ ತೀರ್ಪುಗಾರರು, ನೋಡಿಕೊಳ್ಳುತ್ತಾರೆ.

ಈಗ ಅಮ್ಮನ ಪ್ರಶ್ನೆ. ಅಪಾಯವೇ ಇಲ್ಲ ಅಂತ ಅವರಿಗೆ ಹೇಳಬೇಡಿ, ಅದು ಸುಳ್ಳು. 2001ರಲ್ಲಿ ಮೆಲ್ಬರ್ನ್‌ನಲ್ಲಿ ಕಾರಿನ ಚಕ್ರವೊಂದು ಬೇಲಿಯ ಸಂದಿಯಲ್ಲಿ ತೂರಿ ಬಂದು ಒಬ್ಬ ಮಾರ್ಷಲ್ ಸತ್ತರು. ಅದಕ್ಕೆ ಹಿಂದಿನ ವರ್ಷ ಇಟಲಿಯ ಮೊಂಜಾದಲ್ಲೂ ಹಾಗೇ ಆಗಿತ್ತು. ಆಮೇಲೆ ಚಕ್ರ ಕಿತ್ತು ಹಾರದ ಹಾಗೆ ಕಟ್ಟುವ ಹಗ್ಗಗಳನ್ನು ಬಲಪಡಿಸಿದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಇನ್ನೂ ಹಳೆಯದು. 1977, ದಕ್ಷಿಣ ಆಫ್ರಿಕಾದ ಕ್ಯಾಲಾಮಿ. ಟ್ರ್ಯಾಕ್‌ನ ಆಚೆ ಬದಿಯಲ್ಲಿ ಒಂದು ಕಾರು ನಿಂತಿತ್ತು, ಸಣ್ಣ ಬೆಂಕಿ. ಇಬ್ಬರು ಮಾರ್ಷಲ್‌ಗಳು ಬೆಂಕಿ ನಂದಿಸಲು ಟ್ರ್ಯಾಕ್ ದಾಟಿ ಓಡಿದರು. ಕಾರುಗಳು ದಿಬ್ಬ ಹತ್ತಿ ಬರುತ್ತಿದ್ದವು, ಚಾಲಕರಿಗೆ ಇವರು ಕಾಣುವ ಹಾಗೇ ಇರಲಿಲ್ಲ. 19 ವರ್ಷದ ಹುಡುಗನೊಬ್ಬನಿಗೆ ಚಾಲಕ ಟಾಮ್ ಪ್ರೈಸ್ ಅವರ ಕಾರು ಬಡಿಯಿತು, ಅವನ ಕೈಯಲ್ಲಿದ್ದ ಸಿಲಿಂಡರ್ ಪ್ರೈಸ್ ಅವರ ತಲೆಗೆ ಬಿತ್ತು. ಇಬ್ಬರೂ ಅಲ್ಲೇ ಹೋದರು. ಬೆಂಕಿ ಹಿಡಿದ ಕಾರಿನ ಚಾಲಕನಿಗೆ ಏನೂ ಆಗಲಿಲ್ಲ.

ಆ ಹುಡುಗ ಹೇಡಿಯಲ್ಲ, ಸೋಮಾರಿಯಲ್ಲ. ಸಹಾಯ ಮಾಡಬೇಕು ಅಂತಲೇ ಓಡಿದ. ಅದಕ್ಕೇ ಹೇಳುತ್ತೇನೆ, ಕಾಲು ಓಡಬೇಕು ಅನ್ನುವಾಗ ತಡೆದು ನಿಲ್ಲುವುದು ಈ ಕೆಲಸದಲ್ಲಿ ಕಲಿಯಬೇಕಾದ ಮೊದಲ ಪಾಠ. ಇಲ್ಲಿಯೇ 2020ರ ನವೆಂಬರ್ 29ರಂದು ಚಾಲಕ ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ಬೇಲಿಗೆ ಬಡಿದು ಎರಡು ತುಂಡಾಗಿ ಉರಿಯಿತು. ಮೊದಲ ಸುತ್ತಿನಲ್ಲಿ ಮೆಡಿಕಲ್ ಕಾರು ಎಲ್ಲರ ಹಿಂದೆಯೇ ಹೋಗುತ್ತದೆ, ಹಾಗಾಗಿ ಡಾಕ್ಟರು ಕೆಲವೇ ಸೆಕೆಂಡಿನಲ್ಲಿ ಅಲ್ಲಿದ್ದರು. ಅರ್ಧ ನಿಮಿಷದೊಳಗೆ ಗ್ರೋಜಾನ್ ತಾವೇ ಬೆಂಕಿಯಿಂದ ಎದ್ದು ಬಂದರು. ಇಡೀ ಜಗತ್ತು ಆ ವಿಡಿಯೊ ನೋಡಿದೆ. ಆದರೆ ಅದೇ ರೇಸ್‌ನ ಕೊನೆಯಲ್ಲಿ ಇನ್ನೊಂದು ಆಯಿತು. ಪೆರೆಸ್ ಕಾರಿಗೆ ಬೆಂಕಿ ಹಿಡಿದು ನಿಂತಾಗ ಮಾರ್ಷಲ್ ಒಬ್ಬರು ಸಿಲಿಂಡರ್ ಹಿಡಿದು ಟ್ರ್ಯಾಕ್ ದಾಟಿ ಓಡಿದರು, ಆ ಹೊತ್ತಿಗೆ ನೋರಿಸ್ ಅವರ ಕಾರು ಬರುತ್ತಿತ್ತು. ಅದೃಷ್ಟ, ಏನೂ ಆಗಲಿಲ್ಲ. ಎರಡೂ ವಿಡಿಯೊ ನೋಡಿ. ಎರಡನೆಯದನ್ನು ಹತ್ತು ಸಲ ನೋಡಿ.

ಅಮ್ಮನಿಗೆ ಹೀಗೆ ಹೇಳಬಹುದು. ಪೋಸ್ಟ್ ಚೀಫ್ ಹೇಳದೆ ಬೇಲಿ ದಾಟುವುದಿಲ್ಲ. ಬರುವ ಕಾರುಗಳಿಗೆ ಯಾವತ್ತೂ ಬೆನ್ನು ಹಾಕುವುದಿಲ್ಲ, ಹಾಕಬೇಕಾಗಿ ಬಂದರೆ ನನಗೋಸ್ಕರ ನೋಡುವವರು ಒಬ್ಬರು ಇರುತ್ತಾರೆ. ಫೋನ್ ಜೇಬಿನಿಂದ ತೆಗೆಯುವುದಿಲ್ಲ. ಇಷ್ಟು ಪಾಲಿಸುವವನಿಗೆ ಬೈಕಿನಲ್ಲಿ ಹೈವೇಗೆ ಇಳಿಯುವುದಕ್ಕಿಂತ ಇದು ಸುರಕ್ಷಿತ ಅಂತ ನನ್ನ ಅಭಿಪ್ರಾಯ.

ಮೆಕ್ಯಾನಿಕ್ ಆದವರಿಗೆ ಇಷ್ಟವಾಗುವ ಒಂದು ವಿಷಯ ಹೇಳುತ್ತೇನೆ. ಈಗಿನ ಎಫ್ ಒನ್ ಕಾರುಗಳು ಹೈಬ್ರಿಡ್, ಅಂದರೆ ಎಂಜಿನ್ ಜೊತೆ ವಿದ್ಯುತ್ ಮೋಟಾರ್ ಕೂಡ ಇರುತ್ತದೆ. ಚಾಲಕನ ತಲೆಯ ಮೇಲಿನ ಭಾಗದಲ್ಲಿ ಒಂದು ದೀಪ ಇರುತ್ತದೆ. ಹಸಿರು ಇದ್ದರೆ ಮಾತ್ರ ಕಾರು ಮುಟ್ಟಬಹುದು. ಕೆಂಪಾದರೆ ಅಥವಾ ದೀಪವೇ ಉರಿಯದಿದ್ದರೆ ವಿದ್ಯುತ್ ಅಪಾಯ ಇದೆ ಅಂತ ತಿಳಿಯಬೇಕು. ಚಾಲಕ ಇಳಿಯುವಾಗಲೂ ಒಂದು ಕಾಲು ಕಾರಿನಲ್ಲಿ ಒಂದು ಕಾಲು ನೆಲದಲ್ಲಿ ಇಡಬಾರದು, ಎರಡೂ ಕಾಲು ಒಟ್ಟಿಗೆ ಹಾರಬೇಕು. ಅದಕ್ಕೆ ತಕ್ಕ ರಬ್ಬರ್ ಗ್ಲೌಸ್ ನಮ್ಮ ಪೋಸ್ಟ್‌ನಲ್ಲಿ ಇರುತ್ತದೆ.

ಹೊಸಂಗಡಿ ಅಕ್ಕ:

ಎಲ್ಲರೂ ಟ್ರ್ಯಾಕ್ ಬದಿಯ ಕೆಲಸವನ್ನೇ ಹೇಳುತ್ತಿದ್ದೀರಿ. ಒಳಗೆ ಇನ್ನೂ ಬೇಕಾದಷ್ಟು ಕೆಲಸ ಇದೆ. ನಾನು ಮದುವೆಯಾಗಿ ಕೊಯಮತ್ತೂರಿಗೆ ಬಂದವಳು. ಇಲ್ಲಿನ ಚೆಟ್ಟಿಪಾಳಯದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ರೇಸ್ ಇದ್ದಾಗ ಆಫೀಸಿನ ಕಡೆ ಕೆಲಸ ಮಾಡುತ್ತೇನೆ. ಈ ಟ್ರ್ಯಾಕ್ ಶುರುವಾದದ್ದು 2003ರಲ್ಲಿ, ಸುಮಾರು 2.1 ಕಿಲೋಮೀಟರ್. ರೇಸ್ ಕಾರುಗಳನ್ನು ಇಲ್ಲಿಯೇ ಕಟ್ಟಿ ಎಷ್ಟೋ ಹುಡುಗರಿಗೆ ದಾರಿ ಮಾಡಿಕೊಟ್ಟ ಕರಿವರ್ಧನ್ ಅವರ ಹೆಸರಿನಲ್ಲಿದೆ. ಚೆನ್ನೈ ಕಡೆ ಇರುಂಗಾಟ್ಟುಕೋಟೆಯ ಟ್ರ್ಯಾಕ್ ಇದಕ್ಕಿಂತ ದೊಡ್ಡದು, ಹಳೆಯದು. ಅದನ್ನು ಕಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಷ್ಟು ಹಿಂದಿನದು. ಮಂಗಳೂರು–ಕೊಯಮತ್ತೂರು ಇಂಟರ್‌ಸಿಟಿ ಕಾಸರಗೋಡಿನಲ್ಲಿ ನಿಲ್ಲುತ್ತದೆ, ಹಾಗಾಗಿ ನಿಮಗೆ ಇಲ್ಲಿಗೆ ಬರುವುದು ಸುಲಭ.

ಡೀಸೆಲ್ ಅವರೇ, ನೀವು ಮೆಕ್ಯಾನಿಕ್ ಆದ್ದರಿಂದ ಸ್ಕ್ರೂಟಿನಿ ಕಡೆ ಯೋಚನೆ ಮಾಡಿ. ರೇಸ್‌ಗೆ ಮೊದಲು ಪ್ರತಿ ಕಾರನ್ನೂ, ಪ್ರತಿ ಚಾಲಕನ ಹೆಲ್ಮೆಟ್, ಸೂಟ್, ಬೆಲ್ಟನ್ನೂ ತಪಾಸಣೆ ಮಾಡುತ್ತಾರೆ. ಬೆಲ್ಟ್ ನೋಡಲು ಹೊಸದರ ಹಾಗೆ ಇದ್ದರೂ ಅದರ ಲೇಬಲ್‌ನಲ್ಲಿ ಬರೆದ ವರ್ಷ ಮುಗಿದಿದ್ದರೆ ನಡೆಯುವುದಿಲ್ಲ. ಕಾರಿನ ಹೊರಗೆ ಎರಡು ಗುರುತು ಹುಡುಕುತ್ತಾರೆ. ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಚಿತ್ರ, ಅದು ಕರೆಂಟ್ ಕಟ್ ಮಾಡುವ ಸ್ವಿಚ್. ಬಿಳಿ ವೃತ್ತದಲ್ಲಿ ಕೆಂಪು 'ಇ' ಅಕ್ಷರ, ಅದು ಕಾರಿನೊಳಗಿನ ಬೆಂಕಿ ನಂದಿಸುವ ಸಿಲಿಂಡರ್‌ನ ಹಿಡಿ. ಹೊರಗಿನಿಂದ ಬಂದ ಮಾರ್ಷಲ್ ಒಂದು ಕ್ಷಣವೂ ಹುಡುಕಬಾರದು ಅಂತ ಎಲ್ಲ ಕಾರುಗಳಲ್ಲೂ ಒಂದೇ ಗುರುತು. ಅದು ಕಿತ್ತುಹೋಗಿದ್ದರೆ, ಬಣ್ಣ ಮುಚ್ಚಿದ್ದರೆ, ಕಾರು ವಾಪಸ್. ತಂಡದವರು ಗೊಣಗುತ್ತಾರೆ, ಗೊಣಗಲಿ. ನಿಮ್ಮ ಕೈಗೆ ಗ್ರೀಸ್ ಅಭ್ಯಾಸ ಇದೆ, ಯಾವ ಬೋಲ್ಟ್ ಸಡಿಲ ಇದೆ ಅಂತ ಕಣ್ಣಿಗೆ ತಿಳಿಯುತ್ತದೆ. ಅಂಥವರು ಸ್ಕ್ರೂಟಿನಿಗೆ ತುಂಬಾ ಬೇಕು.

ರೇಸ್ ಮುಗಿದ ಮೇಲೆ ನಮ್ಮ ಗಡಿಬಿಡಿ ಶುರು. ಕಾರುಗಳನ್ನು ಪಾರ್ಕ್ ಫರ್ಮೆಯಲ್ಲಿ ನಿಲ್ಲಿಸುತ್ತಾರೆ, ತಂಡದವರು ಮುಟ್ಟುವ ಹಾಗಿಲ್ಲ. ತೂಕ ನೋಡುತ್ತಾರೆ. ನಾವು ತಾತ್ಕಾಲಿಕ ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ, ಮೇಲೆ ಎಷ್ಟು ಗಂಟೆಗೆ ಹಾಕಿದ್ದು ಅಂತ ಬರೆದು ಸಹಿ. ಅಲ್ಲಿಂದ 30 ನಿಮಿಷದೊಳಗೆ ಯಾರಿಗಾದರೂ ತಕರಾರಿದ್ದರೆ ಕೊಡಬೇಕು. ಅಷ್ಟು ಹೊತ್ತು ಆಫೀಸಿನ ಬಾಗಿಲಿನಲ್ಲಿ ನಿಲ್ಲುವ ಅಪ್ಪಂದಿರ ಮುಖ ನೋಡಬೇಕು ನೀವು. ಮನೆ ಅಡವಿಟ್ಟು ಮಗನಿಗೆ ರೇಸ್ ತಂಡದಲ್ಲಿ ಸೀಟು ಕೊಡಿಸಿದವರೂ ಇರುತ್ತಾರೆ. ಅವರಿಗೆ ಒಳ್ಳೆಯ ಮಾತಿನಲ್ಲಿ, ಆದರೆ ಒಂದಿಷ್ಟೂ ಸಡಿಲ ಬಿಡದೆ ಉತ್ತರ ಕೊಡಬೇಕು.

ಹೆಣ್ಣುಮಕ್ಕಳು ಓದುತ್ತಿದ್ದರೆ ಬನ್ನಿ. ಧ್ವಜ, ಟೈಮಿಂಗ್, ಸ್ಕ್ರೂಟಿನಿ, ಎಲ್ಲ ಕಡೆಯೂ ಇದ್ದೇವೆ. ಶೌಚಾಲಯ ಎಲ್ಲಿದೆ, ಪೋಸ್ಟ್‌ನಿಂದ ಹೋಗಿ ಬರಲು ಯಾರು ಬಿಡುವು ಕೊಡುತ್ತಾರೆ ಅಂತ ಮೊದಲೇ ಕೇಳಿ. ನಾಚಿಕೊಳ್ಳಬೇಡಿ.

ಸೀತಾಂಗೋಳಿ ಪೇಟೆ:

ಎಲ್ಲ ಚಂದ ಚಂದ ಹೇಳುತ್ತಿದ್ದೀರಿ, ಒಂದು ಮಾತು ನಾನೂ ಹೇಳಬೇಕು. ರೇಸ್ ನಡೆಸುವವರು ಟಿಕೆಟ್ ಮಾರುತ್ತಾರೆ, ಜಾಹೀರಾತು ಬರುತ್ತದೆ, ಕೋಟಿಗಟ್ಟಲೆ ದುಡ್ಡು ಓಡಾಡುತ್ತದೆ. ಅದರ ಮಧ್ಯೆ ಬಿಸಿಲಿನಲ್ಲಿ ನಿಲ್ಲುವವನಿಗೆ ಮಾತ್ರ ಸೇವೆ ಅನ್ನುವ ಹೆಸರಾ? ನಾನು ಒಂದು ನಗರದ ರೇಸ್‌ಗೆ ಸ್ವಯಂಸೇವಕನಾಗಿ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ. ಬೆಳಗಿನ ಜಾವಕ್ಕೆ ಬರಲು ಹೇಳಿದರು. ಊಟ ಬಂದದ್ದು ಮೂರು ಗಂಟೆಗೆ. ನೀರಿನ ಬಾಟಲಿ ಖಾಲಿಯಾದ ಮೇಲೆ ತಂದುಕೊಡುವವರು ಯಾರೂ ಇಲ್ಲ. ಬಸ್ ಖರ್ಚು ಕೊಡುತ್ತೇವೆ ಅಂದಿದ್ದರು, ಕೊಡಲಿಲ್ಲ. ವಿಐಪಿ ಟೆಂಟ್ ಅಷ್ಟು ಹತ್ತಿರದಲ್ಲಿತ್ತು, ಎಸಿಯ ಶಬ್ದ ಕೇಳುತ್ತಿತ್ತು. ವರ್ಕ್‌ಶಾಪ್ ರಜೆ ಹಾಕಿದರೆ ಈ ಹುಡುಗನ ದಿನದ ಕೂಲಿ ಹೋಗುತ್ತದೆ. ಅದನ್ನೂ ಯಾರಾದರೂ ಹೇಳಬೇಕಲ್ವಾ?

ಮುಳ್ಳೇರಿಯ ಘಾಟಿ:

ಪೇಟೆಯವರೇ, ನೀವು ಹೇಳಿದ್ದು ಸರಿ. ಸ್ವಯಂಸೇವೆ ಅಂದ ಮಾತ್ರಕ್ಕೆ ನೀರು ಕೊಡದಿದ್ದರೂ ನಡೆಯುತ್ತದೆ ಅಂತಲ್ಲ. ಬಾಯಾರಿದವನ ಕಣ್ಣು ಮಂಕಾಗುತ್ತದೆ, ಕಣ್ಣು ಮಂಕಾದ ಮಾರ್ಷಲ್‌ನಿಂದ ಎಲ್ಲರಿಗೂ ಅಪಾಯ. ಆದ್ದರಿಂದ ಇದು ಬರೀ ಮರ್ಯಾದೆಯ ಪ್ರಶ್ನೆ ಕೂಡ ಅಲ್ಲ.

ಆದರೆ ಸಂಬಳ ಕೊಟ್ಟರೆ ಮಾತ್ರ ಬರುತ್ತೇನೆ ಅನ್ನುವುದಾದರೆ ನಮ್ಮ ದೇಶದಲ್ಲಿ ರ‍್ಯಾಲಿಯೇ ಇರಲಿಕ್ಕಿಲ್ಲ. ತಂಡಗಳಲ್ಲಿ ಹೆಚ್ಚಿನವರು ಕೈಯಿಂದ ಹಾಕಿಯೇ ಓಡಿಸುವವರು. ನಮ್ಮೂರ ಬ್ರಹ್ಮಕಲಶಕ್ಕೆ ವಾರಗಟ್ಟಲೆ ರಜೆ ಹಾಕಿ ಬಡಿಸಲು, ಪಾರ್ಕಿಂಗಿಗೆ ನಿಲ್ಲುತ್ತೇವಲ್ಲ, ನಾನು ರ‍್ಯಾಲಿಗೆ ಹೋಗುವುದು ಅದೇ ಮನಸ್ಸಿನಿಂದ. ಆಟದ ಮೇಲೆ ಪ್ರೀತಿ ಇಲ್ಲದವರು ದುಡ್ಡಿನ ಆಸೆಗೆ ಬರುವುದು ಬೇಡ, ದುಡ್ಡು ಸಿಗುವುದೂ ಇಲ್ಲ. ನನಗೆ ಸಿಗುವುದು ಊಟ, ಮಲಗಲು ಜಾಗ, ಒಂದು ಟೀಶರ್ಟ್, ಕೆಲವು ಸಲ ಪ್ರಯಾಣದ ಖರ್ಚು.

ತಮ್ಮಾ, ಹೋಗುವ ಮೊದಲು ನಾಲ್ಕು ಪ್ರಶ್ನೆ ಕೇಳು. ನಡೆಸುವ ಕ್ಲಬ್ಬಿಗೆ ಎಫ್‌ಎಂಎಸ್‌ಸಿಐ (ನಮ್ಮ ದೇಶದ ಮೋಟಾರ್ ಕ್ರೀಡೆಯ ಒಕ್ಕೂಟ) ಮಾನ್ಯತೆ ಇದೆಯಾ? ಮಾರ್ಷಲ್‌ಗಳಿಗೆ ವಿಮೆ ಮಾಡಿಸಿದ್ದಾರಾ? ತರಬೇತಿ ಯಾವತ್ತು, ಯಾರು ಕೊಡುತ್ತಾರೆ? ನೀರು, ಊಟ ಪೋಸ್ಟ್‌ಗೇ ಬರುತ್ತದಾ? ವಿಮೆಯ ಪ್ರಶ್ನೆಗೆ ತಡವರಿಸಿದರೆ ಹೋಗಬೇಡ. ಎಷ್ಟು ದೊಡ್ಡ ಹೆಸರಿನ ರೇಸ್ ಆದರೂ ಸರಿ.

ಬದಿಯಡ್ಕ ಡೀಸೆಲ್:

ಎಲ್ಲರಿಗೂ ಕೈಮುಗಿದೆ. ಅಕ್ಕ ಹೇಳಿದ ಸ್ಕ್ರೂಟಿನಿ ಕೇಳಿ ತುಂಬಾ ಖುಷಿಯಾಯಿತು, ಆದರೆ ಮೊದಲು ಘಾಟಿ ಅಣ್ಣನ ರ‍್ಯಾಲಿಗೇ ಹೋಗಬೇಕು ಅಂತ ಮನಸ್ಸಾಗಿದೆ. ಪೇಟೆ ಅಣ್ಣ ಹೇಳಿದ್ದನ್ನೂ ಮರೆಯುವುದಿಲ್ಲ, ಯಜಮಾನರ ಹತ್ತಿರ ಈಗಲೇ ರಜೆ ಕೇಳಿಡುತ್ತೇನೆ. ಏನೇನು ತರಬೇಕು? ಬಟ್ಟೆ, ಶೂ ಎಂಥದ್ದು?

ಉಪ್ಪಳದಿಂದ ಮನಾಮ:

ಬಟ್ಟೆ ಪೂರ್ತಿ ಕೈಯದ್ದು, ಹತ್ತಿಯದ್ದು. ಪಾಲಿಯೆಸ್ಟರ್ ಬೇಡ, ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕೆಂಪು, ಹಳದಿ, ಹಸಿರು ಅಂಗಿ ಹಾಕಬೇಡಿ, ದೂರದಿಂದ ಚಾಲಕನಿಗೆ ಬಾವುಟ ಅಂತ ಕಾಣಬಹುದು. ಕಾಲಿಗೆ ವರ್ಕ್‌ಶಾಪ್‌ನ ಸೇಫ್ಟಿ ಶೂ ಸಾಕು. ಕಿವಿಗೆ ಇಯರ್ ಪ್ಲಗ್ ಕಡ್ಡಾಯ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಚರ್ಮದ ಗ್ಲೌಸ್ ಒಂದು ಜೊತೆ ಇಟ್ಟುಕೊಳ್ಳಿ, ಕಾರಿನ ಬಾಡಿ ಒಡೆದರೆ ಅಂಚು ಬ್ಲೇಡಿನಷ್ಟು ಹರಿತ. ಸೀಟಿ ಒಂದು.

ಮುಳ್ಳೇರಿಯ ಘಾಟಿ:

ತೋಟಕ್ಕೆ ಬರುವಾಗ ಇದರ ಜೊತೆ ರೇನ್‌ಕೋಟ್, ಟಾರ್ಚ್, ಇಂಬಳಕ್ಕೆ ಒಂದಿಷ್ಟು ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ತಾ. ಎರಡು ಲೀಟರ್ ನೀರು, ಅವಲಕ್ಕಿ ಏನಾದರೂ ಚೀಲದಲ್ಲಿ ಇರಲಿ, ಸ್ಟೇಜ್ ತಡವಾದರೆ ಊಟದ ಗಾಡಿ ಒಳಗೆ ಬರಲು ಆಗುವುದಿಲ್ಲ. ನಿಲ್ಲುವ ಜಾಗ ತಿರುವಿನ ಒಳಬದಿಯಲ್ಲಿ, ಎತ್ತರದಲ್ಲಿ, ಹಿಂದೆ ಓಡಲು ದಾರಿ ಇರುವ ಹಾಗೆ ಆರಿಸಬೇಕು. ಅದನ್ನು ಅಲ್ಲೇ ತೋರಿಸಿಕೊಡುತ್ತೇನೆ. ದಿನಾಂಕ ಗೊತ್ತಾದ ಕೂಡಲೇ ಇಲ್ಲಿ ಹಾಕುತ್ತೇನೆ. ಮಂಗಳೂರಿನಿಂದ ನಮ್ಮ ಜೀಪು ಹೋಗುತ್ತದೆ, ಒಂದು ಸೀಟು ನಿನಗೆ ಇಟ್ಟಿರುತ್ತೇನೆ. ಅಮ್ಮ ಮಾತನಾಡಬೇಕು ಅಂದರೆ ನಂಬರ್ ಖಾಸಗಿಯಾಗಿ ಕಳಿಸುತ್ತೇನೆ.